ಖಾರ ನೋಡುವ ಬಾಯಿ

ಬಾಯಿ ಪೂರ್ತಿ ತೆರೆದಾಗ ನಮ್ಮದೇ ಕೈಯ ಮೂರು ಬೆರಳು, ಒಂದರ ಮೇಲೊಂದಾಗಿ, ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ಹೋಗಬೇಕು. ನನಗೆ ಎರಡು ಹೋಗುತ್ತವೆ. ಮೂರನೆಯದು ಉಗುರಿನವರೆಗೆ ಹೋಗಿ ನಿಲ್ಲುತ್ತದೆ. ಎರಡು ವರ್ಷದ ಹಿಂದೆ ಒಂದೂವರೆ ಹೋಗುತ್ತಿತ್ತು. ಹಾಗಾಗಿ ಇದನ್ನು ಗುಣವಾದದ್ದೆಂದೇ ಲೆಕ್ಕ ಇಟ್ಟುಕೊಂಡಿದ್ದೇನೆ.

ನನ್ನ ವಿಷಯ ನಾನು ಹೇಳಿಕೊಳ್ಳುವವಳಲ್ಲ. ಅರಕಲಗೂಡಿನ ಕಾಲೇಜಿನಲ್ಲಿ ಜೊತೆಗೆ ಪಾಠ ಮಾಡುವವರಿಗೆ ನನಗೆ ಏನೋ ಹಲ್ಲಿನ ತೊಂದರೆ ಇತ್ತು ಎಂದಷ್ಟೇ ಗೊತ್ತು. ಆದರೆ ಹಾಸನದ ಆಸ್ಪತ್ರೆಯ ಬೆಂಚಿನ ಮೇಲೆ ಕೂತ ಮೊದಲ ದಿನ ಫೋನಿನಲ್ಲಿ ‘ಬಾಯಿ ತೆರೆಯಲಾಗುವುದಿಲ್ಲ’ ಎಂದು ಹಾಕಿ ಹುಡುಕಿದಾಗ, ಸಿಕ್ಕಿದ್ದೆಲ್ಲ ಗುಟ್ಕಾ ಹಾಕುವ ಗಂಡಸರ ಬಾಯಿಯ ಫೋಟೋಗಳು. ಗುಟ್ಕಾ ಮುಟ್ಟದ, ಮನೆಯಲ್ಲೇ ಬೆಳೆದ ಹೆಣ್ಣುಮಗಳೊಬ್ಬಳ ಮಾತು ಒಂದೂ ಕಾಣಲಿಲ್ಲ. ಇನ್ಯಾರೋ ಅದೇ ಬೆಂಚಿನ ಮೇಲೆ ಕೂತು ಹುಡುಕಬಹುದು. ಅವರಿಗಾಗಿ ಇದು.

ನಮ್ಮದು ಹೊಳೆನರಸೀಪುರ. ಅಪ್ಪನದು ಖಾರದ ಪುಡಿ, ಸಾರಿನ ಪುಡಿಯ ಮಿಲ್ಲು. ಮುಂದೆ ಮಿಲ್ಲು, ಹಿಂದೆ ಮನೆ. ಹೊಸಬರು ಬಂದರೆ ಮೊದಲು ಸೀನುತ್ತಾರೆ, ಆಮೇಲೆ ಮಾತಾಡುತ್ತಾರೆ. ನಾವು ಯಾರೂ ಸೀನುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ. ಎರಡನ್ನೂ ಎಷ್ಟೆಷ್ಟು ಬೆರೆಸಬೇಕೆಂಬುದು ತೂಕದಲ್ಲಿ ಇರುವುದಿಲ್ಲ. ಪ್ರತಿ ಚೀಲವೂ ಬೇರೆ. ಬೀಸಿದ ಮೇಲೆ ಬಾಯಿಗೆ ಹಾಕಿ ನೋಡಲೇಬೇಕು.

ಅದಕ್ಕೆ ನಮ್ಮಲ್ಲಿ ಒಂದು ಕ್ರಮವಿತ್ತು. ಅಂಗೈಯಲ್ಲಿ ಒಂದು ಚಿಟಿಕೆ ಪುಡಿ, ಎರಡು ಹರಳು ಉಪ್ಪು, ಎರಡು ಹನಿ ಬಿಸಿನೀರು. ಬೆರಳಲ್ಲಿ ಕಲಸಿ ನಾಲಿಗೆಯ ಮೇಲಿಟ್ಟುಕೊಂಡು ಮೂವತ್ತು ಎಣಿಸುವುದು. ಖಾರ ಎಲ್ಲಿ ಶುರುವಾಯಿತು, ಎಲ್ಲಿಗೆ ಹೋಯಿತು ಹೇಳುವುದು. ಉಗುಳಿ ಬಾಯಿ ಮುಕ್ಕಳಿಸಿ, ಮುಂದಿನ ಪುಡಿಗೆ ಮೊದಲು ಒಂದು ಚೂರು ಅಡಿಕೆ ಕೆನ್ನೆಯೊಳಗೆ ಒತ್ತಿಟ್ಟುಕೊಳ್ಳುವುದು. ಅಡಿಕೆಯ ಒಗರಿಗೆ ಉರಿ ಇಳಿಯುತ್ತದೆ, ನಾಲಿಗೆ ಹೊಸದಾಗುತ್ತದೆ.

“ಬಾಯಿ ತೊಳದ್ರೆ ಸಾಲ್ದು ಕಣವ್ವ,” ಎನ್ನುತ್ತಿದ್ದಳು ಅಜ್ಜಿ. “ಬಾಯಿ ಮರೀಬೇಕು. ಅಡ್ಕೆ ಆಕ್ಕಂಡ್ರೆ ಮರೀತದೆ.”

ಅಜ್ಜಿ ಎಂದರೆ ಅಪ್ಪನ ತಾಯಿ, ಗೌರಮ್ಮ. ಮಿಲ್ಲನ್ನು ಅಪ್ಪ ನಡೆಸುತ್ತಿದ್ದರು, ಹದವನ್ನು ಅಜ್ಜಿ ನಡೆಸುತ್ತಿದ್ದಳು. ನನಗಿಂತ ಮೊದಲು ಖಾರ ನೋಡುತ್ತಿದ್ದವಳು ಅಪ್ಪನ ತಂಗಿ ಸುಶೀಲತ್ತೆ. ಅವಳು ಮದುವೆಯಾಗಿ ಅರಕಲಗೂಡಿಗೆ ಹೋದ ಮೇಲೆ ಸ್ವಲ್ಪ ಕಾಲ ಅಜ್ಜಿಯೇ ನೋಡಿದಳಂತೆ. ನನಗೆ ಒಂಬತ್ತು ತುಂಬಿದ ವರ್ಷ ನನ್ನನ್ನು ಕರೆದು ಸ್ಟೂಲಿನ ಮೇಲೆ ಕೂರಿಸಿದಳು. ಅಂದಿನಿಂದ ಅಜ್ಜಿ ಬಣ್ಣ ನೋಡುತ್ತಿದ್ದಳು, ಮೂಸುತ್ತಿದ್ದಳು. ನಾಲಿಗೆ ಮಾತ್ರ ನನ್ನದು.

“ಮಕ್ಕಳ ನಾಲ್ಗೆ ಸುಳ್ಳು ಯೋಳಲ್ಲ,” ಎಂದು ಗಿರಾಕಿಗಳ ಮುಂದೆ ನನ್ನ ತಲೆ ಸವರುತ್ತಿದ್ದಳು. ತಾನೇ ನಾಲಿಗೆಗಿಟ್ಟು ನೋಡುವುದನ್ನು ಅವಳು ಯಾಕೆ ಬಿಟ್ಟಳು ಎಂದು ಯಾರೂ ಕೇಳಲಿಲ್ಲ.

ನನಗೆ ಖಾರ ಇಷ್ಟ. ಇಷ್ಟವಿತ್ತು ಎಂದು ಬರೆಯಬೇಕೇನೋ, ಆದರೆ ಇಷ್ಟ ಹೋಗಿಲ್ಲ. ಗುಂಟೂರು ನಾಲಿಗೆಯ ತುದಿಗೆ ತಗುಲಿ ನೇರ ಕಿವಿಗೆ ಹೋಗುತ್ತದೆ. ಬ್ಯಾಡಗಿ ತಡವಾಗಿ, ಗಂಟಲ ಹತ್ತಿರ, ಯಾರೋ ಕೆಂಡದ ಮೇಲೆ ಬೂದಿ ಸರಿಸಿದ ಹಾಗೆ. ಸೂಜಿಮೆಣಸು ಹೊಡೆದು ಹೋಗಿಬಿಡುತ್ತದೆ, ಆಮೇಲೆ ಬಾಯಲ್ಲಿ ಏನೂ ಇರುವುದಿಲ್ಲ. ಉಪ್ಸಾರಿಗೆಂದು ಸುಟ್ಟ ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ಹುಣಸೆ ಇಟ್ಟು ಅಮ್ಮ ಒರಳಲ್ಲಿ ಅರೆದ ಖಾರವನ್ನು ಬಿಸಿ ಮುದ್ದೆಗೆ ಒತ್ತಿ ನುಂಗಿದರೆ ಹಣೆಯ ಕೂದಲಂಚಿನಲ್ಲಿ ಬೆವರು ಬರುತ್ತದೆ, ಕಣ್ಣು ತುಂಬುತ್ತದೆ, ಎದುರಿನ ಗೋಡೆ ಕೂಡ ತೊಳೆದಿಟ್ಟ ಹಾಗೆ ಕಾಣುತ್ತದೆ. ಜೋರಾಗಿ ನಕ್ಕವಳಲ್ಲ, ಅತ್ತವಳಲ್ಲ. ಇದೊಂದು ಸುಖ ಮಾತ್ರ ನನಗೆ ಜೋರಾಗಿ ಸಿಕ್ಕುತ್ತಿತ್ತು.

ಹಾಸನದಲ್ಲಿ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಓದುವಾಗ ಅಜ್ಜಿ ಎರಡು ಡಬ್ಬಿ ಕಟ್ಟಿಕೊಡುತ್ತಿದ್ದಳು. ಒಂದರಲ್ಲಿ ಖಾರದ ಪುಡಿ, ಒಂದರಲ್ಲಿ ಅಡಿಕೆ ಚೂರು. ಹಾಸ್ಟೆಲಿನ ಸಪ್ಪೆ ಸಾರಿಗೆ ಪುಡಿ ಬೆರೆಸಿ ಉಣ್ಣುವುದು, ಆಮೇಲೆ ಅಡಿಕೆ. ಬರಬರುತ್ತ ಓದುವಾಗಲೂ ಅಡಿಕೆ. ಅದಕ್ಕೆ ನಾನು ಯಾವ ಹೆಸರನ್ನೂ ಕೊಟ್ಟಿರಲಿಲ್ಲ. ಚಟ ಎಂಬುದು ಬೇರೆಯವರ ಮನೆಯ ಮಾತು.

ಓದು ಮುಗಿದು ಅರಕಲಗೂಡಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸೇರಿದೆ. ಭಾನುವಾರ ಮಿಲ್ಲಿನಲ್ಲಿ ಖಾರ ನೋಡುವುದು ಮುಂದುವರಿಯಿತು. ಚನ್ನರಾಯಪಟ್ಟಣದ ಒಂದು ಹೋಟೆಲಿಗೆ ವಾರ ವಾರ ನಮ್ಮ ಪುಡಿ ಹೋಗುತ್ತಿತ್ತು. ಒಂದು ಭಾನುವಾರ ಆ ಪುಡಿಯನ್ನು ನಾಲಿಗೆಗಿಟ್ಟು ಹತ್ತು ಎಣಿಸುವಷ್ಟರಲ್ಲಿ ಉಗುಳಿದೆ. ನಾಲಿಗೆಯಲ್ಲ, ಎರಡೂ ಕೆನ್ನೆಯ ಒಳಗೋಡೆ ಉರಿಯಿತು, ಸಿಪ್ಪೆ ಸುಲಿದ ಜಾಗಕ್ಕೆ ಉಪ್ಪು ಸವರಿದ ಹಾಗೆ.

“ಖಾರ ಹೆಚ್ಚಾಗಿದೆ,” ಎಂದೆ. ಅಪ್ಪ ಗುಂಟೂರು ಕಡಿಮೆ ಮಾಡಿ ಮತ್ತೆ ಬೀಸಿದರು. ಅದೂ ಹೆಚ್ಚು ಎಂದೆ. ಇನ್ನೂ ಕಡಿಮೆ ಮಾಡಿದರು.

ಮೂರನೆಯ ದಿನ ಹೋಟೆಲಿನವರು ಫೋನ್ ಮಾಡಿದರು. ಅಪ್ಪ ಸ್ಪೀಕರಿಗೆ ಹಾಕಿದ್ದರು.

“ಏನ್ ಯಜಮಾನ್ರೇ, ಕೆಮ್ಮಣ್ಣು ಕಳ್ಸಿದ್ದೀರಲ್ಲ? ಗೋಡೆಗೆ ಬಳ್ಕಬೋದು, ಸಾಂಬಾರಿಗಾಗಲ್ಲ.”

ಅಪ್ಪ ನನ್ನ ಮುಖ ನೋಡಿದರು. ಬೈಯಲಿಲ್ಲ. ಹದಿನೈದು ವರ್ಷದಲ್ಲಿ ನನ್ನ ನಾಲಿಗೆ ತಪ್ಪಿದ್ದು ಅದೇ ಮೊದಲು. ಆ ವಾರವೆಲ್ಲ ಕನ್ನಡಿಯ ಮುಂದೆ ನಿಂತು ಬಾಯೊಳಗೆ ಟಾರ್ಚ್ ಬಿಟ್ಟು ನೋಡಿದೆ. ಕೆನ್ನೆಯ ಒಳಗೆ ಗುಲಾಬಿ ಬಣ್ಣ ಹೋಗಿ ಅಲ್ಲಲ್ಲಿ ಮಾಸಲು ಬಿಳುಪು ಬಂದಿತ್ತು.

“ಉಷ್ಣ,” ಎಂದಳು ಅಮ್ಮ.

“ಉಷ್ಣವೇಯ,” ಎಂದಳು ಅಜ್ಜಿ. “ನೆತ್ತಿಗೆ ಅಳ್ಳೆಣ್ಣೆ ಒತ್ಕಂಡು ನೀರುಯ್ಕೊ. ಒಂದಷ್ಟು ದಿನ ಕಾರ ಬುಡು. ಉರಿ ಅನ್ಸಿದ್ರೆ ಒಂಚೂರು ಅಡ್ಕೆ ಆಕ್ಕೊ, ತಂಪಾಯ್ತದೆ.”

ನಾನು ಖಾರ ಬಿಟ್ಟೆ. ಖಾರದ ಮಿಲ್ಲಿನವರ ಮನೆಯಲ್ಲಿ ನನಗೊಬ್ಬಳಿಗೆ ಬೇರೆ ಪಾತ್ರೆಯಲ್ಲಿ ಬಿಳಿಸಾರು. ಮಧ್ಯಾಹ್ನದ ಊಟ ಕಾಲೇಜಿನ ಹತ್ತಿರವೇ ಇದ್ದ ಸುಶೀಲತ್ತೆಯ ಮನೆಯಲ್ಲಿ. ಅಲ್ಲಿ ಮೊದಲಿಂದಲೂ ಸಪ್ಪೆ ಅಡುಗೆಯೇ. “ನಮ್ಮನೇವ್ರಿಗೆ ಕಾರ ಆಗಲ್ಲ ಕಣೆ,” ಎನ್ನುತ್ತಿದ್ದಳು ಅತ್ತೆ. ಊಟವಾದ ಮೇಲೆ ಇಬ್ಬರೂ ಅಡಿಕೆ ಹಾಕಿಕೊಳ್ಳುತ್ತಿದ್ದೆವು. ಹಾಕಿಕೊಂಡಾಗ ಉರಿ ನಿಜವಾಗಿಯೂ ಇಳಿಯುತ್ತಿತ್ತು. ಹಾಗಾಗಿ ಹೆಚ್ಚು ಹಾಕಿಕೊಂಡೆ.

ಔಷಧಿ ಅಂಗಡಿಯ ವಿಟಮಿನ್ ಮಾತ್ರೆ, ಜೇನುತುಪ್ಪ, ಬಾಯಿಹುಣ್ಣಿನ ಮುಲಾಮು. ಹೀಗೆ ಒಂದೂಮುಕ್ಕಾಲು ವರ್ಷ ಕಳೆಯಿತು. ಬಾಯಿ ಚಿಕ್ಕದಾಗುತ್ತಿದ್ದುದು ನನಗೆ ತಿಳಿಯಲಿಲ್ಲ. ತಿಳಿದದ್ದು ಪಾನಿಪುರಿಯಿಂದ. ಕಾಲೇಜಿನ ಗೆಳತಿಯೊಬ್ಬಳು ಕರೆದುಕೊಂಡು ಹೋಗಿದ್ದಳು. ಖಾರದ ನೀರು ಬೇಡವೆಂದು ಸಿಹಿನೀರು ಹಾಕಿಸಿಕೊಂಡೆ. ಪೂರಿ ಬಾಯೊಳಗೆ ಹೋಗಲಿಲ್ಲ. ಹಲ್ಲಿಗೆ ತಗುಲಿ ಒಡೆದು ನೀರೆಲ್ಲ ದುಪ್ಪಟ್ಟದ ಮೇಲೆ ಸುರಿಯಿತು.

“ಏನೇ, ಮದ್ವೆ ಹೆಣ್ಣಿನ ಥರ ಬಾಯಿ ಮುಚ್ಕೊಂಡ್ ತಿಂತೀಯ? ಆ ಅನ್ನು,” ಎಂದು ಗೆಳತಿ ನಕ್ಕಳು.

ನಾನು ‘ಆ’ ಎಂದೇ ಇದ್ದೆ.

ಹಾಸನಕ್ಕೆ ಅಪ್ಪನ ಜೊತೆ ಹೋದದ್ದು ಯುಗಾದಿಯ ಮರುವಾರ. ಆಸ್ಪತ್ರೆಯ ಆ ಹಜಾರದಲ್ಲಿ ಬೆಂಚುಗಳು ಎದುರುಬದುರಾಗಿದ್ದವು. ಕಾಯುವವರು ಒಬ್ಬರ ಬಾಯಿ ಒಬ್ಬರು ನೋಡುತ್ತ ಕೂತಿರಬೇಕು. ಕೆಲವರು ಟವೆಲ್ ಅಡ್ಡ ಹಿಡಿದಿದ್ದರು. ನಾನು ಮಾಸ್ಕ್ ಹಾಕಿಕೊಂಡೆ.

ವೈದ್ಯೆಗೆ ನನಗಿಂತ ಹತ್ತು ವರ್ಷ ಹೆಚ್ಚಿರಬಹುದು. ಸಣ್ಣ ಲೋಹದ ಅಳತೆಪಟ್ಟಿ ಹಲ್ಲಿನ ನಡುವೆ ಇಟ್ಟು ನೋಡಿ “ಇಪ್ಪತ್ತನಾಲ್ಕು ಮಿಲಿಮೀಟರ್” ಎಂದು ಬರೆಸಿದರು. ಕೆನ್ನೆಯೊಳಗೆ ಬೆರಳಾಡಿಸಿದರು.

“ಗುಟ್ಕಾ, ಪಾನ್ ಮಸಾಲ ಏನಾದ್ರೂ ಹಾಕ್ತೀರಾ?”

“ಇಲ್ಲ.”

“ಅಂಥದ್ದು ನಮ್ಮನೆ ಬಾಗಿಲೊಳಕ್ಕೇ ಬರಲ್ಲ ಮೇಡಂ,” ಎಂದರು ಅಪ್ಪ. “ಕಾರ ತಿಂದು ತಿಂದು ಇಂಗಾಗದೆ. ನಮ್ದು ಕಾರದ ಮಿಲ್ಲು.”

“ಅಡಿಕೆ?”

ಅಪ್ಪ ನಕ್ಕರು. “ಅಡ್ಕೆ ಯಾರ್ ಆಕಲ್ಲ ಮೇಡಂ? ಊಟ ಆದ್ಮೇಲೆ ಒಂಚೂರು.”

ವೈದ್ಯೆ ನನ್ನನ್ನೇ ಕೇಳಿದರು. “ದಿನಕ್ಕೆ ಎಷ್ಟು ಸಲ?”

“ಆರು. ಮಿಲ್ಲಿನಲ್ಲಿ ಖಾರ ನೋಡುವ ದಿನ ಹನ್ನೆರಡು.”

“ಯಾವ ವಯಸ್ಸಿಂದ?”

“ಒಂಬತ್ತು.”

ಅಪ್ಪ ನಗು ನಿಲ್ಲಿಸಿದರು.

“ಖಾರದಿಂದ ಬಂದಿದ್ದಲ್ಲ ಇದು,” ಎಂದರು ವೈದ್ಯೆ. “ಅಡಿಕೆಯಿಂದ ಬಂದಿದ್ದು. ಕೆನ್ನೆ ಒಳಗಿನ ಪದರ ನಾರಿನ ಥರ ಗಟ್ಟಿಯಾಗ್ತಾ ಇದೆ. ಅದಕ್ಕೇ ಖಾರ ತಡೀತಿರಲಿಲ್ಲ. ಏನೋ ಆಗ್ತಿದೆ ಅಂತ ಖಾರ ನಿಮಗೆ ಎರಡು ವರ್ಷದಿಂದ ಹೇಳ್ತಾ ಇತ್ತು. ನೀವು ಖಾರ ಬಿಟ್ಟು ಅಡಿಕೆ ಇಟ್ಕೊಂಡ್ರಿ.”

ಪೂರ್ತಿ ಮೊದಲಿನಂತಾಗುವುದಿಲ್ಲ, ಇಲ್ಲಿಗೇ ನಿಲ್ಲಿಸಬಹುದು, ಸ್ವಲ್ಪ ಹಿಂದಕ್ಕೆ ತರಬಹುದು ಎಂದರು. ಕೆಲವರಲ್ಲಿ ಇದು ಕ್ಯಾನ್ಸರಿಗೆ ತಿರುಗುತ್ತದೆ, ಅದಕ್ಕೆ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು ಎಂದರು. ಚೀಟಿ ಬರೆಯುತ್ತಲೇ ಕೇಳಿದರು: “ಮನೇಲಿ ಇನ್ಯಾರು ಹೀಗೆ ಅಡಿಕೆ ಹಾಕ್ತಾರೆ?”

“ನಮ್ಮಜ್ಜಿ. ದಿನವಿಡೀ.”

“ಮುಂದಿನ ಸಲ ಅವರನ್ನೂ ಕರ್ಕೊಂಡು ಬನ್ನಿ. ಮರೀಬೇಡಿ.”

ಹೊರಗೆ ಬಂದು ಬಸ್ ನಿಲ್ದಾಣದಲ್ಲಿ ಕೂತಾಗ ಅಪ್ಪ ರೂಢಿಯಂತೆ ಜೇಬಿನಿಂದ ಅಡಿಕೆ ಪೊಟ್ಟಣ ತೆಗೆದರು. ಅಂಗೈಯಲ್ಲಿಟ್ಟುಕೊಂಡು ಬಸ್ಸು ಬರುವವರೆಗೂ ನೋಡಿದರು. ಎಸೆಯಲಿಲ್ಲ, ಬಾಯಿಗೂ ಹಾಕಲಿಲ್ಲ. ಮತ್ತೆ ಜೇಬಿಗೆ ಇಟ್ಟುಕೊಂಡರು.

ಬಸ್ಸಿನಲ್ಲಿ ಹೇಳಿದರು: “ಅಜ್ಜಿಗೆ ಇದು ಗೊತ್ತಾಗ್ಬಾರ್ದು. ನಾನೇ ಮಗೀಗೆ ತಿನ್ಸ್ದೆ ಅಂತ ಕೊರಗಿ ಕೊರಗಿ ಸಾಯ್ತಳೆ.”

“ಹೂಂ,” ಎಂದೆ.

“ಕರ್ಕೊಂಡು ಬನ್ನಿ ಅಂದವ್ರಲ್ಲ, ಅದನ್ನ ನಿಧಾನವಾಗಿ ನೋಡಣ.”

“ಹೂಂ.”

ಎರಡು ಹೂಂಗಳು. ನನ್ನ ಪಾಲಿನ ತಪ್ಪು ಅಷ್ಟೇ ಚಿಕ್ಕದು.

ಪರೀಕ್ಷೆಯ ವರದಿಗೆ ಹನ್ನೊಂದು ದಿನ ಕಾಯಬೇಕಾಯಿತು. ಆ ದಿನಗಳಲ್ಲಿ ಅಮ್ಮ ನನ್ನನ್ನು ನೋಡದೆ ನೋಡುವುದನ್ನು ಕಲಿತಳು. ತಟ್ಟೆ ಇಟ್ಟು ಬೆನ್ನು ತಿರುಗಿಸಿ ಒಲೆಯ ಕಡೆ ನಿಲ್ಲುತ್ತಿದ್ದಳು. ನಾನು ನುಂಗುವ ಸದ್ದಿಗೆ ಕಿವಿ ಕೊಟ್ಟಿರುತ್ತಿದ್ದಳು. ವರದಿಯಲ್ಲಿ ಕ್ಯಾನ್ಸರ್ ಇರಲಿಲ್ಲ. ಆ ಸಂಜೆ ಅಪ್ಪ ಐಸ್‌ಕ್ಯಾಂಡಿ ಮಾಡುವವರ ಹತ್ತಿರ ಹೋಗಿ ಚಪ್ಪಟೆ ಕಡ್ಡಿಗಳ ಒಂದು ಇಡೀ ಕಟ್ಟು ತಂದರು. ಹಲ್ಲಿನ ನಡುವೆ ಕಡ್ಡಿಗಳನ್ನು ಒಟ್ಟಿ ಬಾಯಿ ಹಿಗ್ಗಿಸಬೇಕು, ದಿನಕ್ಕೆ ಐದು ಸಲ, ಎಂದು ವೈದ್ಯೆ ಹೇಳಿದ್ದರು. ಹತ್ತು ಜನ್ಮಕ್ಕಾಗುವಷ್ಟು ಕಡ್ಡಿ. ಹನ್ನೊಂದರಿಂದ ಶುರು ಮಾಡಿದೆ.

ಶನಿವಾರ ಶನಿವಾರ ಹಾಸನ. ಎರಡೂ ಕೆನ್ನೆಯ ಒಳಗೆ ಸೂಜಿ. ಅದರ ನೋವನ್ನು ಬರೆಯುವುದಿಲ್ಲ. ಮೊದಲ ಸಲ ತಡೆಯಲಾಗುವುದಿಲ್ಲ, ನಾಲ್ಕನೆಯ ಸಲಕ್ಕೆ ತಡೆಯಬಹುದು ಎಂದಷ್ಟೇ ಹೇಳಿದರೆ ಬೇಕಾದವರಿಗೆ ಸಾಕು. ಬೆಂಚಿನ ಮೇಲೆ ನನ್ನ ಪಕ್ಕ ಬಹಳ ವಾರ ಕೂತವಳು ನುಗ್ಗೇಹಳ್ಳಿ ಕಡೆಯ ಒಬ್ಬ ಹೆಂಗಸು. ಅವಳ ಗಂಡನಿಗೆ ಕೆಳದವಡೆಯ ಒಂದು ಭಾಗ ತೆಗೆದಿದ್ದರು. ಅವಳು ಚಮಚದಲ್ಲಿ ರಾಗಿ ಗಂಜಿ ಕುಡಿಸಿ, ಟವೆಲಿನಿಂದ ಅವನ ಗದ್ದ ಒರೆಸಿ, ನನ್ನ ಕಡೆ ತಿರುಗಿ ಮಾತಾಡುತ್ತಿದ್ದಳು.

“ಮೂವತ್ತೊರ್ಸ ಬೈದ್ರು ಕಣವ್ವ ನನ್ನ. ಸಾರಿಗೆ ಉಪ್ಪು ಇಲ್ಲ, ಕಾರ ಇಲ್ಲ ಅಂತ. ಈಗ ಬೈಯಕೂ ಬಾಯಿಲ್ಲ. ಮನೆ ಎಷ್ಟು ಸುಮ್ಕದೆ ಅಂದ್ರೆ ನಂಗೇ ದಿಗಿಲಾಯ್ತದೆ.”

ಗಂಡ ಟವೆಲಿನ ಹಿಂದಿನಿಂದ ಏನೋ ಅಂದ. ಅವಳು ಬಗ್ಗಿ ಕೇಳಿಸಿಕೊಂಡಳು.

“ಈಗ್ಲೂ ಬೈತಾವ್ರಂತೆ,” ಎಂದು ನನಗೆ ಹೇಳಿದಳು. “ನಂಗೇ ಕೇಳ್ಸಲ್ವಂತೆ.”

ಮೂವರೂ ನಕ್ಕೆವು. ನಗಲು ಬಾಯಿ ಇದ್ದವಳು ಅವಳೊಬ್ಬಳೇ.

ಒಳಗೆ ಹೋದಾಗಲೆಲ್ಲ ವೈದ್ಯೆ ಕೇಳುತ್ತಿದ್ದರು: “ಅಜ್ಜಿ ಬಂದ್ರಾ?”

“ಮುಂದಿನ ವಾರ,” ಎನ್ನುತ್ತಿದ್ದೆ.

ಮನೆಯಲ್ಲಿ ಅಜ್ಜಿಗೆ ‘ಬಾಯಿಯ ಉಷ್ಣಕ್ಕೆ ಸೂಜಿ’ ಎಂದು ಹೇಳಿದ್ದೆವು. ಅವಳು ನಂಬಿದಳು. ನಾನು ಹಾಸನದಿಂದ ಬಂದ ಕೂಡಲೇ ಕೆನ್ನೆ ಸವರಿ “ಉರೀತದಾ ಮಗ? ತಕ್ಕೊ” ಎಂದು ಡಬ್ಬಿಯಿಂದ ಅಡಿಕೆ ಚೂರು ಅಂಗೈಗೆ ಹಾಕುತ್ತಿದ್ದಳು. ಬೇಡ ಎಂದರೆ ಕಾರಣ ಹೇಳಬೇಕು. ಬಾಯಿಗೆ ಹಾಕಿಕೊಂಡ ಹಾಗೆ ಮಾಡಿ ಮುಷ್ಟಿಯಲ್ಲಿ ಉಳಿಸಿಕೊಳ್ಳುತ್ತಿದ್ದೆ. ಎಸೆದರೆ ಮಿಲ್ಲಿನಲ್ಲಿ ಗುಡಿಸುವವರ ಕಣ್ಣಿಗೆ ಬೀಳುತ್ತದೆಂದು, ಶಾಲೆಯ ಕಾಲದ ಜಾಮಿಟ್ರಿ ಬಾಕ್ಸಿನಲ್ಲಿ ತುಂಬಿಡುತ್ತ ಹೋದೆ.

ಆ ತಿಂಗಳುಗಳಲ್ಲಿ ನಾನು ಬಾಯಿಗಳನ್ನೇ ನೋಡುತ್ತಿದ್ದೆ. ಪಾಠ ಮಾಡುವಾಗ ಮಕ್ಕಳ ಬಾಯಿ, ಬಸ್ಸಿನಲ್ಲಿ ಆಕಳಿಸುವವರ ಬಾಯಿ. ದಸರೆ ಕಳೆದು ಒಂದು ಭಾನುವಾರ ಊಟಕ್ಕೆ ಕೂತಾಗ ಎದುರಿಗಿದ್ದ ಅಜ್ಜಿಯ ಕೈ ನೋಡಿದೆ. ಮುದ್ದೆಯನ್ನು ಗೋಲಿಯಷ್ಟು ಮಾಡಿ, ಚಪ್ಪಟೆ ಒತ್ತಿ, ತುಟಿಯ ಸಂದಿಯಲ್ಲಿ ತೂರಿಸುತ್ತಿದ್ದಳು. ಸಾರು ಮುಟ್ಟುತ್ತಿರಲಿಲ್ಲ, ಮಜ್ಜಿಗೆಯಲ್ಲಿ ಅದ್ದುತ್ತಿದ್ದಳು. ಅವಳು ಹೀಗೆ ಉಣ್ಣುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ಹಲ್ಲಿಲ್ಲದವರು ಹೀಗೇ ಉಣ್ಣುತ್ತಾರೆ ಎಂದುಕೊಂಡಿದ್ದೆ. ಮುಂದಿನ ಹಲ್ಲು ನಾಲ್ಕೂ ಗಟ್ಟಿಯಾಗಿಯೇ ಇದ್ದವು.

“ಅಜ್ಜಿ, ಬಾಯಿ ತೆಗಿ.”

“ಯಾಕೆ? ಇರೋ ನಾಲ್ಕಲ್ಲನ್ನ ಎಣಿಸ್ತೀಯಾ?”

“ತೆಗಿ.”

ತೆಗೆದಳು. ನನ್ನ ಒಂದು ಬೆರಳು ಹೋಯಿತು. ಎರಡನೆಯದನ್ನು ಸೇರಿಸಲಾಗಲಿಲ್ಲ. ಎಡಗೆನ್ನೆಯ ಒಳಗೆ, ಅಡಿಕೆ ಇಟ್ಟುಕೊಳ್ಳುವ ಜಾಗದಲ್ಲಿ, ಬೆರಳಿಗೆ ಒರಟಾದ ಗಂಟು ಸಿಕ್ಕಿತು. ಬೆರಳು ಹೊರಗೆ ತೆಗೆದಾಗ ತುದಿಯಲ್ಲಿ ರಕ್ತ.

“ಅದಾ, ಅಲ್ಲು ತಗ್ಲಿ ಆಗಿರೋ ಉಣ್ಣು. ಆಸಾಡದಿಂದ ಅದೆ,” ಎಂದಳು ಅಜ್ಜಿ.

ಅಮ್ಮ ಸೌಟು ಹಿಡಿದು ನಿಂತಿದ್ದಳು. ಅಪ್ಪ ಅರ್ಧ ಊಟದಲ್ಲಿ ಎದ್ದು ಹೋದರು.

ಆ ಮಧ್ಯಾಹ್ನ ಜಾಮಿಟ್ರಿ ಬಾಕ್ಸನ್ನು ತಂದು ಅಜ್ಜಿಯ ಮುಂದೆ ತೆರೆದೆ. ಹೇಗೆ ಶುರು ಮಾಡಬೇಕೆಂದು ಗೊತ್ತಿರಲಿಲ್ಲ. ಅಡಿಕೆ ಚೂರುಗಳು ತುಂಬಿ ಮುಚ್ಚಳ ಸರಿಯಾಗಿ ಕೂರುತ್ತಿರಲಿಲ್ಲ. ಅಜ್ಜಿ ಬೆರಳಾಡಿಸಿ ನೋಡಿದಳು, ತಾನೇ ಕತ್ತರಿಸಿದ ಚೂರುಗಳು. ನಾನು ಎಲ್ಲ ಹೇಳಿದೆ, ಪಾಠ ಮಾಡುವ ಹಾಗೆ, ಒಂದೂ ಬಿಡದೆ.

“ಯಾವತ್ತಿಂದ ಗೊತ್ತು ನಿಂಗೆ?”

“ಯುಗಾದಿಯಿಂದ.”

ಅವಳು ಹೆಬ್ಬೆರಳಿನಿಂದ ಬೆರಳ ಗೆಣ್ಣುಗಳ ಮೇಲೆ ತಿಂಗಳು ಎಣಿಸಿದಳು. ಚೈತ್ರದಿಂದ ಆಶ್ವಯುಜದವರೆಗೆ. ಏಳಾಯಿತು.

“ಯೋಳ್ಬೌದಿತ್ತು ಕಣವ್ವ.”

“ನೀನು ನೊಂದುಕೊಳ್ತೀಯ ಅಂತ.”

“ನೊಂದ್ಕತಿದ್ದೆ. ನೊಂದ್ಕಂಡು ಬಸ್ಸತ್ತುತಿದ್ದೆ.”

ಚೂರುಗಳನ್ನು ಬಾಕ್ಸಿನೊಳಕ್ಕೆ ತಳ್ಳುತ್ತ ಅವಳೇ ಹೇಳಿದಳು: “ನಾನೂ ಯೋಳಲಿಲ್ಲ ಬುಡು. ನಿನ್ನ ಸ್ಟೂಲ್ ಮ್ಯಾಲೆ ಕೂರ್ಸದ್ನಲ್ಲ, ಆವಾಗ್ಲೇ ನನ್ ಬಾಯಿ ಸತ್ತೋಗಿತ್ತು. ಒಂದ್ ಚಿಟ್ಕೆ ತಡೀತಿರಲಿಲ್ಲ. ಕಾರದ ಮಿಲ್ಲೋಳಿಗೆ ಕಾರ ಆಗಲ್ಲ ಅಂದ್ರೆ ಊರು ನಗಲ್ವಾ? ಅದ್ಕೇ ನಿನ್ನ ಮುಂದಕ್ಕೆ ಬುಟ್ಟೆ.”

ಬಾಕ್ಸಿನ ಮುಚ್ಚಳ ಒತ್ತಿ ಒತ್ತಿ ಮುಚ್ಚಿದಳು. ನಾನು ಅವಳ ಕೈ ಹಿಡಿದುಕೊಳ್ಳಬೇಕಿತ್ತು. ನನಗೆ ಅಂಥದ್ದು ಬರುವುದಿಲ್ಲ. ಪಕ್ಕದಲ್ಲಿ ಕೂತಿದ್ದೆ.

ಅವಳಿಗಿದ್ದದ್ದು ಕ್ಯಾನ್ಸರ್. ಹಾಸನದ ವೈದ್ಯೆ ಮೈಸೂರಿಗೆ ಬರೆದುಕೊಟ್ಟರು. ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದು ನಾನೇ: ಏಪ್ರಿಲಿನಲ್ಲೇ ಕರೆತಂದಿದ್ದರೆ? ಅವರು ಪೆನ್ನಿನ ಕ್ಯಾಪ್ ಹಾಕಿ, ತೆಗೆದು, “ಹೇಳೋಕಾಗಲ್ಲ” ಎಂದರು. ಅದು ದಯೆಯೋ ನಿಜವೋ ಇವತ್ತಿಗೂ ತಿಳಿದಿಲ್ಲ. ಎರಡೂ ಇರಬಹುದೆಂದು ಕೆಲವು ದಿನ ಅನ್ನಿಸುತ್ತದೆ.

ದವಡೆ ತೆಗೆಯುವ ಆಪರೇಷನ್ನಿಗೆ ಅಜ್ಜಿ ಒಪ್ಪಲಿಲ್ಲ. ಮೈಸೂರಿನಲ್ಲಿ ಕರೆಂಟು, ಎಂದರೆ ವಿಕಿರಣ ಚಿಕಿತ್ಸೆ, ಕೊಡಿಸಿದೆವು. ಕೆನ್ನೆಯ ಚರ್ಮ ಸುಟ್ಟ ಬದನೆಕಾಯಿಯ ಹಾಗಾಯಿತು. ಮೂಗಿನಿಂದ ನಳಿಗೆ ಹಾಕಿದರು. ಮನೆಗೆ ಬಂದ ಮೇಲೆ, ಮಿಲ್ಲಿನಲ್ಲಿ ಹೊಸ ಪುಡಿ ಬಿದ್ದಾಗಲೆಲ್ಲ ಕೈಸನ್ನೆ ಮಾಡಿ ಕೇಳುತ್ತಿದ್ದಳು. ಅಂಗೈಯಲ್ಲಿ ಒಯ್ದು ತೋರಿಸುತ್ತಿದ್ದೆ. ಬಣ್ಣ ನೋಡಿ, ನಳಿಗೆಯಿಲ್ಲದ ಮೂಗಿನ ಹೊಳ್ಳೆಯಿಂದ ಮೂಸಿ, ಸರಿ ಎಂದೋ ಸಾಲದು ಎಂದೋ ತಲೆಯಾಡಿಸುತ್ತಿದ್ದಳು. ಒಂದು ಸಲವೂ ತಪ್ಪಲಿಲ್ಲ. ಒಂದು ದಿನ ಮೂಸಿದವಳು ಸೀನಿದಳು. ನಮ್ಮ ಮನೆಯಲ್ಲಿ ಯಾರೂ ಸೀನುವುದಿಲ್ಲ. ಅಪ್ಪ ಮಿಲ್ಲು ನಿಲ್ಲಿಸಿ ಬಂದು ಬಾಗಿಲಲ್ಲಿ ನಿಂತರು.

ಶಿವರಾತ್ರಿ ಕಳೆದ ಮೇಲೆ ಹೋದಳು.

ಹನ್ನೊಂದನೆಯ ದಿನದ ಕಾರ್ಯಕ್ಕೆ ನೆಂಟರು ಬಂದರು. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆಗೆ ಇಡುವುದು ಪದ್ಧತಿ. ಉಪ್ಸಾರಿನ ಖಾರ ನಾನೇ ಅರೆದೆ, ಗುಂಟೂರು ಜಾಸ್ತಿ ಹಾಕಿ. ಅವಳು ಹದಿನೈದು ವರ್ಷಕ್ಕೂ ಮೇಲೆ ತಿನ್ನಲಾಗದೆ ಬಿಟ್ಟದ್ದು. ಮುದ್ದೆ, ಪಾಯಸ, ಬಾಳೆಹಣ್ಣು ಇಟ್ಟೆವು. ಆಮೇಲೆ ಯಾರೋ ದೊಡ್ಡವರು “ಅಡ್ಕೆ ಡಬ್ಬಿ ಎಲ್ಲಿ? ಅದಿಲ್ದೆ ಗೌರಕ್ಕ ಎದ್ದೋಗ್ತಳಾ?” ಎಂದರು. ಎರಡು ಮೂರು ಜನ ನಕ್ಕರು. ಅಪ್ಪ ಡಬ್ಬಿ ತಂದರು. ಎಡೆಯ ಮುಂದೆ ಬಗ್ಗಿ, ನನ್ನ ಕಡೆ ತಿರುಗಿ ನೋಡಿದರು.

“ಅದು ಬೇಡ ಅಪ್ಪ,” ಎಂದೆ.

ನಕ್ಕವರೂ ಎಡೆ ಬಿಟ್ಟು ನನ್ನ ಮುಖ ನೋಡಿದರು. ಕಾರಣ ಹೇಳಲೇಬೇಕಾಯಿತು. ನಾನು ಕಾಲೇಜಿನಲ್ಲಿ ನೂರು ಜನರ ಮುಂದೆ ಮಾತಾಡುತ್ತೇನೆ, ಆದರೆ ನನ್ನ ಬಾಯಿಯ ಬಗ್ಗೆ ನನ್ನ ಬಾಯಿಂದ ನಾಲ್ಕು ಜನರೆದುರು ಮಾತಾಡಿದ್ದು ಅದೇ ಮೊದಲು. ಅಜ್ಜಿ ಸತ್ತದ್ದು ಯಾತರಿಂದ, ನನಗೆ ಬಂದದ್ದು ಯಾತರಿಂದ, ನಾನು ಏಳು ತಿಂಗಳು ಏನು ಮಾಡಿದೆ, ಬಾಯಿಗೆ ಎಷ್ಟು ಬೆರಳು ಹೋಗಬೇಕು, ಎಲ್ಲ ಹೇಳಿದೆ. ಮಾತು ಅಷ್ಟು ಸ್ಪಷ್ಟವಾಗಿ ಬರಲಿಲ್ಲ. ಮುಂದೆ ಕೂತ ಮುದುಕರೊಬ್ಬರು ಅಗಿಯುವುದನ್ನು ನಿಲ್ಲಿಸಿದರು, ಆದರೆ ಉಗುಳಲಿಲ್ಲ.

ಊಟವಾದ ಮೇಲೆ ಹಿತ್ತಲ ಜಗುಲಿಯಲ್ಲಿ ಹೆಂಗಸರು ಕೂತಿದ್ದರು. ತಾಂಬೂಲದ ತಟ್ಟೆ ನಡುವೆ ಇತ್ತು, ಯಾರೂ ಮುಟ್ಟಿರಲಿಲ್ಲ. “ಮೂರ್ ಬೆಳ್ಳು ಎಂಗೆ, ಅಡ್ಡಡ್ಡವೋ ಉದ್ದುದ್ದವೋ?” ಎಂದು ಒಬ್ಬಳು ಕೇಳಿದಳು. ತೋರಿಸಿದೆ. ಒಬ್ಬೊಬ್ಬರೇ ಬಾಯಿಗೆ ಬೆರಳಿಟ್ಟು ನೋಡತೊಡಗಿದರು. “ನಂದು ನಾಲ್ಕೋಯ್ತದೆ ಕಣೆ.” “ನಿಂದು ಓಗ್ದೆ ಇನ್ನೇನು, ಸೊಸೇನ ಬೈದೂ ಬೈದೂ ಅಗಲಾಗದೆ.” ಸಾವಿನ ಮನೆಯಲ್ಲಿ ತಡೆದುಕೊಂಡ ನಗು ಒಮ್ಮೆಲೇ ಹೊರಬಿತ್ತು. ಅಮ್ಮ ಕೂಡ ನಕ್ಕಳು.

ಸುಶೀಲತ್ತೆ ಕಂಬಕ್ಕೊರಗಿ ಕೂತಿದ್ದಳು. ಎರಡು ಬೆರಳು ಬಾಯಿಯ ಹತ್ತಿರವೇ ಇದ್ದವು. ಒಂದು ಒಳಗೆ, ಒಂದು ಹೊರಗೆ. ಅವಳು ನಗುತ್ತಿರಲಿಲ್ಲ. ಸುತ್ತಲಿನವರ ಕಡೆಯೂ ನೋಡುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಅವಳ ಮನೆಯ ಸಪ್ಪೆ ಸಾರು ನನಗೆ ಆಗ ನೆನಪಾಯಿತು. ಖಾರ ಆಗಲ್ಲ ಎಂದು ಅವಳು ಹೇಳುತ್ತಿದ್ದ ಮಾವ ನಮ್ಮ ಮನೆಗೆ ಬಂದಾಗಲೆಲ್ಲ ಕೇಳಿ ಕೇಳಿ ಖಾರ ಹಾಕಿಸಿಕೊಳ್ಳುತ್ತಿದ್ದುದೂ.

ಹೋಗಿ ಪಕ್ಕದಲ್ಲಿ ಕೂತೆ.

“ಮಾವನಿಗೆ ಯೋಳ್ಬೇಡ ಕಣೆ,” ಎಂದಳು ಅತ್ತೆ, ನನಗೆ ಮಾತ್ರ ಕೇಳುವಷ್ಟು. “ನಿಧಾನವಾಗಿ ನೋಡಣ.”

“ನಾಳೆ ಬೆಳಗ್ಗೆ ಎಂಟು ಗಂಟೆಗೆ ಹಾಸನದ ಬಸ್ಸಿದೆ,” ಎಂದೆ. ಆಮೇಲೆ ಎದ್ದು ಜಗುಲಿ ದಾಟಿ, ಮುಂದೆ ಮಿಲ್ಲಿನಲ್ಲಿ ಅಪ್ಪನ ಜೊತೆ ಕೂತಿದ್ದ ಮಾವನ ಹತ್ತಿರ ಹೋಗಿ ಹೇಳಿದೆ.